ತಿದ್ದುವ ಮುನ್ನ ಅಂಗೀಕಾರ: ಎಪ್‌ವರ್ತ್ ಮತ್ತು ಹಾರ್ಟ್‌ಫರ್ಡ್‌ಗಳ ಕ್ರೈಸ್ತ ಶಿಶುಪೋಷಣೆ

ಮಗು ತನ್ನನ್ನು ಮೊದಲು ಪಾಪಿಯೆಂದು ಅರಿಯಬೇಕೇ, ದೇವರ ಮನೆಯ ಮಗುವೆಂದು ಅರಿಯಬೇಕೇ? ಪ್ರಾಟೆಸ್ಟೆಂಟ್ ಕುಟುಂಬಗಳನ್ನು ಬಹುಕಾಲ ಕಾಡಿದ ಈ ಪ್ರಶ್ನೆಯನ್ನು ಎರಡು ನಿದರ್ಶನಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ. ತಂದೆತಾಯಿ ಯಾವ ಸಿದ್ಧಾಂತವನ್ನು ಬೋಧಿಸುತ್ತಾರೆ ಎನ್ನುವುದಕ್ಕಿಂತ, ತಿದ್ದುವ ಮುನ್ನ ಮಗುವನ್ನು ಹೇಗೆ ಅಂಗೀಕರಿಸುತ್ತಾರೆ ಎನ್ನುವುದೇ ಅದರ ಆತ್ಮಭಾವವನ್ನು ರೂಪಿಸುತ್ತದೆ ಎಂಬುದು ಈ ಲೇಖನದ ವಾದ.

ಎಪ್‌ವರ್ತ್: ಇಚ್ಛಾಭಂಗ ಮತ್ತು ಗುರುವಾರದ ಸಂಜೆ

ಇಂಗ್ಲೆಂಡಿನ ಲಿಂಕನ್‌ಶೈರ್‌ನ ಎಪ್‌ವರ್ತ್ ಸಭಾಪಾಲಕರ ಮನೆಯ ಸುಸಾನಾ ವೆಸ್ಲಿ (1669–1742) ತಮ್ಮ ಶಿಕ್ಷಣಕ್ರಮವನ್ನು ಮಗ ಜಾನ್‌ಗೆ 1732ರಲ್ಲಿ ಪತ್ರಮುಖೇನ ವಿವರಿಸಿದರು. ಮಗುವಿನ ಇಚ್ಛೆಯನ್ನು ಮೊದಲು ಗೆಲ್ಲಬೇಕು, ವರ್ಷ ತುಂಬುವಷ್ಟರಲ್ಲಿ ಅದು ಬೆತ್ತಕ್ಕೆ ಅಂಜಿ ಮೆಲ್ಲಗೆ ಅಳುವುದನ್ನು ಕಲಿಯಬೇಕು ಎಂಬ ಮಾತು ಅದರಲ್ಲಿದೆ. ಇತಿಹಾಸಕಾರ ಫಿಲಿಪ್ ಗ್ರೆವೆನ್ 1977ರ ತಮ್ಮ ಕೃತಿಯಲ್ಲಿ ಇಂಥ ಇಚ್ಛಾಭಂಗವನ್ನೇ ಇವ್ಯಾಂಜೆಲಿಕಲ್ ಶಿಶುಪಾಲನೆಯ ತಿರುಳೆಂದು ಗುರುತಿಸಿದರು. ಈ ಕಾಠಿಣ್ಯವನ್ನು ಇಂದು ಯಾರೂ ಸಮರ್ಥಿಸಬಾರದು.

ಅದೇ ಪತ್ರದ ನಿಯಮಗಳು ಬೇರೊಂದು ದಿಕ್ಕನ್ನೂ ತೋರುತ್ತವೆ. ತಪ್ಪೊಪ್ಪಿಕೊಂಡ ಮಗುವಿಗೆ ಹೊಡೆತವಿಲ್ಲ. ಒಂದೇ ತಪ್ಪಿಗೆ ಎರಡು ಸಲ ದಂಡನೆಯಿಲ್ಲ. ಆಮೇಲೆ ಅದನ್ನು ಎತ್ತಿ ಆಡುವಂತೆಯೂ ಇಲ್ಲ. ಮೆಚ್ಚಿಸಬೇಕೆಂಬ ಮನಸ್ಸಿನಿಂದ ಮಾಡಿದ ಕೆಲಸ ಕೆಟ್ಟರೂ ಆ ಮನಸ್ಸನ್ನು ಪ್ರೀತಿಯಿಂದ ಒಪ್ಪಿಕೊಂಡು, ಮುಂದೆ ಹೇಗೆ ಮಾಡಬೇಕೆಂದು ಮೃದುವಾಗಿ ತೋರಿಸಬೇಕು. ಹೆಣ್ಣುಮಗು ಚೆನ್ನಾಗಿ ಓದಲು ಕಲಿಯುವವರೆಗೆ ಅದನ್ನು ಕೆಲಸಕ್ಕೆ ಹಚ್ಚಬಾರದು. ‘ನೀನು ಮಾಡಿದ್ದು ತಪ್ಪು’ ಎನ್ನುವುದಕ್ಕೂ ‘ನೀನೇ ತಪ್ಪು’ ಎನ್ನುವುದಕ್ಕೂ ಇರುವ ಅಂತರವನ್ನು ಈ ನಿಯಮಗಳು ಕಾಯ್ದುಕೊಂಡಿವೆ.

1712ರ ಹೊತ್ತಿಗೆ ಸುಸಾನಾ ಪ್ರತಿ ಸಂಜೆ ಒಬ್ಬೊಬ್ಬ ಮಗುವಿನೊಂದಿಗೆ ಏಕಾಂತವಾಗಿ ಮಾತನಾಡುವ ಪರಿಪಾಠವಿಟ್ಟುಕೊಂಡರು. ಗುರುವಾರ ಜಾನ್‌ನ ಸರದಿ. ಇದಕ್ಕೆ ಪ್ರೇರಣೆ ದಕ್ಷಿಣ ಭಾರತದ ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಡೇನಿಷ್ ಮಿಷನ್ನಿನ ವೃತ್ತಾಂತವೆಂದು ಅವರೇ ಪತಿಗೆ ಬರೆದರು. ಇದಕ್ಕೂ ಮುಂಚೆ, 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಜಾನ್ ಕೂದಲೆಳೆಯಲ್ಲಿ ಪಾರಾಗಿದ್ದ. ಈ ಮಗುವಿನ ಆತ್ಮದ ಬಗ್ಗೆ ವಿಶೇಷ ಎಚ್ಚರ ವಹಿಸುವೆನೆಂದು ತಾಯಿ ತಮ್ಮ ಧ್ಯಾನದ ಬರಹದಲ್ಲಿ ಸಂಕಲ್ಪಿಸಿದರು. ಬೆಂಕಿಯಿಂದ ಎಳೆದ ಕೊಳ್ಳಿ ಎಂಬ ಬೈಬಲಿನ ರೂಪಕವನ್ನು ಮುಂದೆ ಜಾನ್ ವೆಸ್ಲಿ ತಮಗೇ ಅನ್ವಯಿಸಿಕೊಂಡರು. ತಾನು ಒಂದು ಉದ್ದೇಶಕ್ಕಾಗಿ ಉಳಿದವನು ಎಂಬ ಅವರ ನಂಬಿಕೆ ಬೇರೂರಿದ್ದು ಆ ಮನೆಯಲ್ಲಿ.

ಹಾರ್ಟ್‌ಫರ್ಡ್: ಮಾತಿಗೆ ಮುಂಚಿನ ಬೋಧನೆ

ಅಮೆರಿಕದ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಸಭಾಪಾಲಕರಾಗಿದ್ದ ಹೊರೇಸ್ ಬುಶ್ನೆಲ್ (1802–1876) ಎದುರಿಸಿದ್ದು ಪುನರುಜ್ಜೀವನ ಚಳವಳಿಯ ವಾತಾವರಣವನ್ನು. ಮಾನಸಾಂತರದ ತೀವ್ರ ಅನುಭವ ಆಗುವವರೆಗೆ ಮಗು ಹೊರಗಿನದೇ ಎಂಬ ಭಾವನೆ ಅಲ್ಲಿ ಬಲವಾಗಿತ್ತು. ಮಗು ಕ್ರೈಸ್ತನಾಗಿಯೇ ಬೆಳೆಯಬೇಕು, ತಾನು ಬೇರೇನೋ ಆಗಿದ್ದೆನೆಂಬ ನೆನಪೇ ಅದಕ್ಕಿರಬಾರದು ಎಂದು ಬುಶ್ನೆಲ್ 1847ರ ಪುಸ್ತಕವೊಂದರಲ್ಲಿ ವಾದಿಸಿದರು. ಬೆನೆಟ್ ಟೈಲರ್‌ರಂಥ ದೈವಶಾಸ್ತ್ರಜ್ಞರು ವಿರೋಧಿಸಿದರು. ವಿವಾದದಿಂದಾಗಿ ಪ್ರಕಾಶಕ ಸಂಸ್ಥೆ ಪುಸ್ತಕವನ್ನು ಹಿಂತೆಗೆದುಕೊಂಡಿತು. 1861ರಲ್ಲಿ ಅದು ‘ಕ್ರಿಶ್ಚಿಯನ್ ನರ್ಚರ್’ ಎಂಬ ವಿಸ್ತೃತ ರೂಪದಲ್ಲಿ ಬಂತು.

ಬುಶ್ನೆಲ್ ಮಾನವನ ಪಾಪಸ್ವಭಾವವನ್ನು ಅಲ್ಲಗಳೆಯಲಿಲ್ಲ. ಬಾಲ್ಯವನ್ನು ಅವರು ಮುದ್ರೆಗಳು ಬೀಳುವ ಕಾಲ, ಪಾಠ ಹೇಳುವ ಕಾಲ ಎಂದು ಎರಡಾಗಿ ವಿಂಗಡಿಸಿದರು. ಮಗುವಿಗೆ ಮೂರು ತುಂಬುವಷ್ಟರಲ್ಲಿ ಅದರ ಶೀಲಕ್ಕಾಗಿ ತಂದೆತಾಯಿ ಮಾಡಬಹುದಾದದ್ದರಲ್ಲಿ ಅರ್ಧಕ್ಕೂ ಹೆಚ್ಚು ಮುಗಿದಿರುತ್ತದೆ ಎಂದರು. ಎತ್ತಿಕೊಳ್ಳುವ ಕೈ, ಮುಖಭಾವ, ದನಿ ಇವೇ ಅವರ ದೃಷ್ಟಿಯಲ್ಲಿ ಮೊದಲ ಧರ್ಮಬೋಧೆ. 1979ರಲ್ಲಿ ಮನೋವಿಶ್ಲೇಷಕಿ ಆನಾ-ಮರಿಯಾ ರಿಜ್ಜೂಟೊ ಇದೇ ನೆಲವನ್ನು ಬೇರೆ ದಾರಿಯಿಂದ ತಲುಪಿದರು: ಮಗುವಿನ ಮನಸ್ಸಿನ ದೇವರಚಿತ್ರ ತಂದೆತಾಯಿಯೊಡನಾಟದ ಅನುಭವದಿಂದ ಕಟ್ಟಿಕೊಳ್ಳುತ್ತದೆ, ತನ್ನ ಬಗೆಗಿನ ಭಾವವೂ ಅದಕ್ಕೆ ಹೆಣೆದುಕೊಂಡಿರುತ್ತದೆ.

ಸಮಾಪ್ತಿ

ಸುಸಾನಾ ಇಚ್ಛೆಯನ್ನು ಗೆಲ್ಲಬೇಕೆಂದರು, ಬುಶ್ನೆಲ್ ಪೋಷಿಸಬೇಕೆಂದರು. ಆದರೂ ಎಪ್‌ವರ್ತ್‌ನಲ್ಲಿ ಮಗುವಿಗೆ ಆಸರೆಯಾದದ್ದು ಬೆತ್ತವಲ್ಲ, ಅದಕ್ಕೆಂದೇ ಮೀಸಲಾದ ಸಂಜೆ. ಮಕ್ಕಳು ಮನಗುಂದದಂತೆ ನಡೆದುಕೊಳ್ಳಿರೆಂಬ ಕೊಲೊಸ್ಸೆ 3:21ರ ಎಚ್ಚರಿಕೆಗೆ ಇಬ್ಬರಲ್ಲೂ ಜಾಗವಿದೆ.

ಜಾನ್ ವೆಸ್ಲಿಯಿಂದ ಬಂದ ವೆಸ್ಲಿಯನ್ ಪರಂಪರೆಯನ್ನೂ ಒಳಗೊಂಡು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಕರ್ನಾಟಕದ ಸಭೆಗಳಲ್ಲಿ ಶಿಶುವಿಗೆ ದೀಕ್ಷಾಸ್ನಾನ ಕೊಡುವಾಗ ಹೆತ್ತವರೂ ಸಭೆಯೂ ವಚನ ಕೊಡುತ್ತಾರೆ. ವಿಶ್ವಾಸವನ್ನು ಬಾಯಿಬಿಟ್ಟು ಹೇಳುವ ಮೊದಲೇ ಮಗು ನಮ್ಮದೆಂದು ಒಪ್ಪಿಕೊಳ್ಳುವ ವಿಧಿ ಅದು. ದೀಕ್ಷಾಸ್ನಾನಕ್ಕೆ ಮುಂಚೆ ನಡೆಸುವ ಸಿದ್ಧತೆಯಲ್ಲಿ ಹೆತ್ತವರಿಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕು: ಮೊದಲು ಅಂಗೀಕಾರ, ಆಮೇಲೆ ತಿದ್ದುಪಡಿ. ಅಂಕಪಟ್ಟಿ ಕೈಗೆ ಬಂದ ದಿನವೂ ಈ ಕ್ರಮ ತಪ್ಪದಿರಲಿ.