53 ಸೆಂಟ್ ಕೊರತೆಯ ರಾತ್ರಿ

ಜೇಬಿನಲ್ಲಿ ಚಿಲ್ಲರೆ ಇಲ್ಲದವನನ್ನು ಮಹಾನಗರ ಹೇಗೆ ನಡೆಸಿಕೊಳ್ಳುತ್ತದೆ? ಈ ಪ್ರಶ್ನೆಯನ್ನು ನಗಿಸುತ್ತಲೇ, ಬೆಚ್ಚಿಬೀಳುವಂತೆ ಕೇಳಿದ ಚಿತ್ರ 1985ರಲ್ಲಿ ತೆರೆಕಂಡ ‘ಆಫ್ಟರ್ ಅವರ್ಸ್’. ನಿರ್ದೇಶಕ ಅಮೆರಿಕದ ಮಾರ್ಟಿನ್ ಸ್ಕಾರ್ಸೆಸೆ.

ನಾಯಕ ಪಾಲ್ ಹ್ಯಾಕೆಟ್ ನ್ಯೂಯಾರ್ಕಿನ ಕಚೇರಿಯೊಂದರ ಕಂಪ್ಯೂಟರ್ ಗುಮಾಸ್ತ. ಆಗಷ್ಟೇ ಪರಿಚಯವಾದ ಯುವತಿಯನ್ನು ಕಾಣಲು ರಾತ್ರಿ ಸೋಹೋ ಪ್ರದೇಶಕ್ಕೆ ಹೊರಡುತ್ತಾನೆ. ಟ್ಯಾಕ್ಸಿಯ ಕಿಟಕಿಯಿಂದ ಅವನ 20 ಡಾಲರ್ ನೋಟು ಹಾರಿಹೋಗುತ್ತದೆ. ಉಳಿದದ್ದು 97 ಸೆಂಟ್. ಮನೆಗೆ ಮರಳಲು ಸುರಂಗ ರೈಲಿನ ನಿಲ್ದಾಣಕ್ಕೆ ಬಂದರೆ, ನಡುರಾತ್ರಿಯಿಂದ ದರ ಒಂದೂವರೆ ಡಾಲರ್! ಕಿಟಕಿಯಾಚೆಯ ನೌಕರ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಈ ಏರಿಕೆ ಕಥೆಗಾರನ ಕಲ್ಪನೆ. ಚಿತ್ರ ತಯಾರಾದಾಗ ನಿಜವಾದ ದರ 90 ಸೆಂಟ್. ಆ ಲೆಕ್ಕದಲ್ಲಿ ಪಾಲ್ ಸುಖವಾಗಿ ಮನೆ ಸೇರುತ್ತಿದ್ದ.

ಮುಂದಿನದೆಲ್ಲ ಒಂದರ ಮೇಲೊಂದು ಅನಾಹುತ. ಯುವತಿ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಪಾಲ್‌ನನ್ನೇ ಕಳ್ಳನೆಂದು ತಿಳಿದ ಜನ ಐಸ್‌ಕ್ರೀಂ ಗಾಡಿ ಸಮೇತ ಬೆನ್ನಟ್ಟುತ್ತಾರೆ.

ಕಥೆಗೆ ಸೋಹೋ ಹೇಳಿ ಮಾಡಿಸಿದ ಜಾಗ. ಎರಕದ ಕಬ್ಬಿಣದ ಮುಂಭಾಗವುಳ್ಳ 19ನೇ ಶತಮಾನದ ಕಟ್ಟಡಗಳು ಅಲ್ಲಿವೆ. ಕಾರ್ಖಾನೆಗಳು ತೆರವಾದ ಮೇಲೆ ಅವುಗಳ ವಿಶಾಲ ಮಹಡಿಗಳಲ್ಲಿ ಕಲಾವಿದರು ನೆಲೆಸಿದರು. 1971ರಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯೂ ದೊರೆಯಿತು. ರಾತ್ರಿಯ ಬೀದಿಗಳು ಮಾತ್ರ ಬಿಕೋ ಎನ್ನುತ್ತಿದ್ದವು. ದುಬಾರಿ ಅಂಗಡಿಗಳ ಇಂದಿನ ಸೋಹೋದಲ್ಲಿ ಆ ನಿರ್ಜನತೆಯನ್ನು ಕಾಣಲು ಈ ಚಿತ್ರವನ್ನೇ ನೋಡಬೇಕು.

ಆಗ ದಿಕ್ಕು ತೋಚದೆ ನಿಂತವನು ಪಾಲ್ ಒಬ್ಬನೇ ಅಲ್ಲ. ಸ್ಕಾರ್ಸೆಸೆಯ ಕನಸಿನ ಚಿತ್ರ ‘ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್’ ಅನ್ನು, ಇನ್ನೇನು ಚಿತ್ರೀಕರಣ ಆರಂಭವಾಗಬೇಕು ಎನ್ನುವಾಗ, 1983ರ ಕೊನೆಯಲ್ಲಿ ಪ್ಯಾರಮೌಂಟ್ ಸಂಸ್ಥೆ ಕೈಬಿಟ್ಟಿತ್ತು. ವೆಚ್ಚದ ಚಿಂತೆ, ಧಾರ್ಮಿಕ ಗುಂಪುಗಳ ವಿರೋಧ ಎರಡೂ ಅದಕ್ಕೆ ಕಾರಣ. ಅಂಥ ಹೊತ್ತಿನಲ್ಲಿ ಜೋಸೆಫ್ ಮಿನಿಯನ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಬರೆದ ಚಿತ್ರಕಥೆ ಕೈಗೆ ಬಂತು. ಸ್ಕಾರ್ಸೆಸೆ ಸಣ್ಣ ಬಂಡವಾಳದಲ್ಲಿ, ಸಣ್ಣ ತಂಡದೊಡನೆ, ರಾತ್ರಿಗಳಲ್ಲಿ ದುಡಿದು ಚಿತ್ರ ಮುಗಿಸಿದರು. 1986ರ ಕಾನ್ ಉತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. 1988ರಲ್ಲಿ ಕೈತಪ್ಪಿದ್ದ ಚಿತ್ರವೂ ತೆರೆಗೆ ಬಂತು.

ಬ್ರಿಟಿಷ್ ನಿರ್ದೇಶಕ ಮೈಕೆಲ್ ಪೊವೆಲ್ ಸಲಹೆಯಿಂದ ರೂಪುಗೊಂಡ ಮುಕ್ತಾಯ ಇನ್ನೂ ಸೊಗಸು. ಜನರಿಂದ ತಪ್ಪಿಸಿಕೊಳ್ಳಲು ಕಾಗದದ ಪ್ರತಿಮೆಯೊಳಗೆ ಅಡಗಿದ ಪಾಲ್‌ನನ್ನು ನಿಜವಾದ ಕಳ್ಳರು ಕಲಾಕೃತಿಯೆಂದು ಹೊತ್ತೊಯ್ಯುತ್ತಾರೆ. ಬೆಳಗಿನ ಜಾವ ವ್ಯಾನಿನಿಂದ ಅವನು ಬೀಳುವುದು ತನ್ನ ಕಚೇರಿಯ ಗೇಟಿನ ಮುಂದೆಯೇ. ಧೂಳು ಕೊಡವಿಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ. ರಾತ್ರಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಅವನಿಗೆ ಶುಭೋದಯ ಹೇಳುವುದು ಕಂಪ್ಯೂಟರ್ ಮಾತ್ರ.