ರಜೆ ದಿನದ ಕಥೆಗಳು – 9: ಹತ್ತು ಸಾವಿರ ಲಿರಾ ಸಾಲ ಮತ್ತು ಬೆಲ್ಲಿನಿ

ಇಲ್ಲಿ ಇಂಗ್ಲೆಂಡಿನಲ್ಲಿ ಬೇಸಿಗೆ ಬಂತೆಂದರೆ ಮದುವೆ, ಹುಟ್ಟುಹಬ್ಬ, ನಿವೃತ್ತಿ ಪಾರ್ಟಿ, ಎಲ್ಲ ಕಡೆ ಬೆಲ್ಲಿನಿ ಇರುತ್ತದೆ. ಬಿಳಿ ಪೀಚ್ ಹಣ್ಣಿನ ತಿರುಳಿಗೆ ಪ್ರೊಸೆಕ್ಕೊ ಎಂಬ ನೊರೆ ಬರುವ ಇಟಲಿಯ ವೈನ್ ಬೆರೆಸಿದರೆ ಅದೇ ಬೆಲ್ಲಿನಿ. ದೊಡ್ಡಪ್ಪ, ಈಗಲೇ ಹುಬ್ಬೇರಿಸಬೇಡಿ. ಈ ಕಥೆ ಶುರುವಾಗುವುದು ಒಂದು ಕೈಸಾಲದಿಂದ.

1920ರ ದಶಕದ ಕೊನೆ. ವೆನಿಸ್ಸಿನ ಯೂರೋಪಾ ಹೋಟೆಲಿನ ಬಾರಿನಲ್ಲಿ ಜುಸೆಪ್ಪೆ ಚಿಪ್ರಿಯಾನಿ ಎಂಬಾತ ಕೆಲಸಕ್ಕಿದ್ದ. ಅಲ್ಲಿಗೆ ದಿನಾ ಬರುತ್ತಿದ್ದ ಹ್ಯಾರಿ ಪಿಕರಿಂಗ್ ಎಂಬ ಅಮೆರಿಕದ ಹುಡುಗ ಒಂದು ದಿನ ಬರುವುದನ್ನೇ ನಿಲ್ಲಿಸಿದ. ವಿಚಾರಿಸಿದರೆ ಕೈಯಲ್ಲಿ ಕಾಸಿಲ್ಲ, ಮನೆಯವರು ದುಡ್ಡು ಕಳಿಸುವುದನ್ನು ನಿಲ್ಲಿಸಿದ್ದಾರೆ. ಚಿಪ್ರಿಯಾನಿ ತಾನು ಕೂಡಿಟ್ಟಿದ್ದರಲ್ಲಿ 10,000 ಲಿರಾ ಕೊಟ್ಟ. ಹುಡುಗ ಊರಿಗೆ ಹೋದ. ಆಮೇಲೆ ಬಹಳ ಕಾಲ ಸುದ್ದಿಯೇ ಇಲ್ಲ.

ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ನಮಗೆಲ್ಲ ಶಾಲೆಯಲ್ಲೇ ಬಾಯಿಪಾಠ. ಆದರೆ ಪಿಕರಿಂಗ್ ವಾಪಸ್ ಬಂದ. 50,000 ಲಿರಾ ಕೈಗಿಟ್ಟು, ಸಾಲ ಕಳೆದು ಉಳಿದಿದ್ದರಲ್ಲಿ ನಿನ್ನದೇ ಒಂದು ಬಾರ್ ತೆರೆ ಎಂದ. 1931ರ ಮೇ 13ರಂದು ಸೇಂಟ್ ಮಾರ್ಕ್ಸ್ ಚೌಕದ ಹತ್ತಿರ, ಮೊದಲು ಹಗ್ಗದ ಗೋದಾಮಾಗಿದ್ದ ಪುಟ್ಟ ಜಾಗದಲ್ಲಿ ‘ಹ್ಯಾರೀಸ್ ಬಾರ್’ ಶುರುವಾಯಿತು. ಮರುವರ್ಷ ಹುಟ್ಟಿದ ಮಗನಿಗೂ ಅರ್ರಿಗೊ ಎಂದೇ ಹೆಸರು. ಇಟಲಿಯವರ ಬಾಯಲ್ಲಿ ಹ್ಯಾರಿ ಎಂದರೆ ಅರ್ರಿಗೊ.

1948ರಲ್ಲಿ ಚಿಪ್ರಿಯಾನಿ ಈ ಪಾನೀಯ ಮಾಡಿದ. ಅದರ ನಸುಗುಲಾಬಿ ಬಣ್ಣ ವೆನಿಸ್ಸಿನ ಹಳೆಯ ಚಿತ್ರಕಾರ ಜೊವಾನ್ನಿ ಬೆಲ್ಲಿನಿಯ ಚಿತ್ರಗಳನ್ನು ನೆನಪಿಸಿತಂತೆ, ಹಾಗಾಗಿ ಆ ಹೆಸರು. ಬಿಳಿ ಪೀಚ್ ಬೇಸಿಗೆಯ ಹಣ್ಣು. ನಮ್ಮಲ್ಲಿ ಮಾವಿನ ಸೀಕರಣೆಗೆ ಕಾಯುವ ಹಾಗೆ ಅಲ್ಲಿಯವರು ಬೆಲ್ಲಿನಿಗೆ ಕಾಯುತ್ತಿದ್ದರು. ತಿರುಳನ್ನು ಫ್ರೀಜ್ ಮಾಡಿಡುವುದು ಬಂದ ಮೇಲೆ ವರ್ಷವಿಡೀ ಸಿಗತೊಡಗಿತು.

ನರ್ಸ್ ಆದ ನನಗೆ ಇಷ್ಟವಾದ ಇನ್ನೊಂದು ಸಂಗತಿ: ಒಬ್ಬ ಶ್ರೀಮಂತ ಮಹಿಳೆಗೆ ಡಾಕ್ಟರು ಬೇಯಿಸಿದ ಮಾಂಸ ತಿನ್ನಬಾರದೆಂದು ಪಥ್ಯ ಹೇಳಿದ್ದರು. ಚಿಪ್ರಿಯಾನಿ ಹಸಿ ಮಾಂಸವನ್ನೇ ಕಾಗದದಷ್ಟು ತೆಳ್ಳಗೆ ಹೆಚ್ಚಿ ಬಡಿಸಿದ. ಅದಕ್ಕೂ ಇನ್ನೊಬ್ಬ ಚಿತ್ರಕಾರನ ಹೆಸರೇ, ಕಾರ್ಪಾಚ್ಚೊ. 2001ರಲ್ಲಿ ಇಟಲಿ ಸರ್ಕಾರ ಈ ಬಾರನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿತು.

ಇನ್ನು ಮಾಡುವ ರೀತಿ. ಚೆನ್ನಾಗಿ ಮಾಗಿದ ಎರಡು ಪೀಚ್ ಹಣ್ಣಿನ ಸಿಪ್ಪೆ ತೆಗೆದು ಜರಡಿಯಲ್ಲಿ ಒತ್ತಿ ತಿರುಳು ತೆಗೆಯಿರಿ. ಕಪ್ಪಾಗದಂತೆ ನಾಲ್ಕು ಹನಿ ನಿಂಬೆರಸ ಹಾಕಿ ಫ್ರಿಜ್ಜಿನಲ್ಲಿಡಿ. ಗ್ಲಾಸಿಗೆ ಮೊದಲು ಒಂದು ಪಾಲು ತಿರುಳು, ಮೇಲೆ ಎರಡು ಅಥವಾ ಮೂರು ಪಾಲು ತಣ್ಣಗಿನ ಪ್ರೊಸೆಕ್ಕೊ. ತಿರುಳು ತಾಗಿದ ಕೂಡಲೇ ನೊರೆ ಉಕ್ಕುತ್ತದೆ, ಆದ್ದರಿಂದ ಗ್ಲಾಸನ್ನು ಓರೆಮಾಡಿ ನಿಧಾನಕ್ಕೆ ಸುರಿದು, ಚಮಚದಿಂದ ಒಂದೇ ಸಲ ಮೆಲ್ಲಗೆ ತಿರುಗಿಸಿ. ದುಬಾರಿ ಶಾಂಪೇನ್ ಬೇಡ. ಶಾಂಪೇನಿನ ಗುಳ್ಳೆ ಬಾಟಲಿಯಲ್ಲೇ ಹುಟ್ಟುತ್ತದೆ. ಪ್ರೊಸೆಕ್ಕೊವನ್ನು ಹೆಚ್ಚಾಗಿ ಮುಚ್ಚಿದ ದೊಡ್ಡ ಟ್ಯಾಂಕಿನಲ್ಲಿ ಹುದುಗಿಸುತ್ತಾರೆ, ಹಾಗಾಗಿ ಹಣ್ಣಿನ ಪರಿಮಳ ಹಗುರವಾಗಿ ಉಳಿಯುತ್ತದೆ. ಅಮ್ಮ, ಅತ್ತೆಯಂದಿರಿಗೆ ಇದೇ ತಿರುಳಿಗೆ ತಣ್ಣನೆಯ ಸೋಡಾ. ಅದೂ ಚೆನ್ನಾಗಿರುತ್ತದೆ.

ನಾನು ವಿಮಾನ ಹತ್ತುವಾಗ ಪರೀಕ್ಷೆ ಶುಲ್ಕ, ವೀಸಾ, ಟಿಕೆಟ್ ಅಂತ ಕೈಸಾಲ ಕೊಟ್ಟವರು ಇದನ್ನು ಓದುತ್ತಿದ್ದೀರಿ. ಯಾರೂ ಪತ್ರ ಬರೆಸಿಕೊಳ್ಳಲಿಲ್ಲ. ಐದು ಪಟ್ಟು ವಾಪಸ್ ಕೊಡುವಷ್ಟು ನಾನಿನ್ನೂ ಬೆಳೆದಿಲ್ಲ. ಆದರೆ ಈ ವರ್ಷ ನಮ್ಮೂರಿನಿಂದ ನರ್ಸಿಂಗ್ ಮುಗಿಸಿ ಹೊರಡುವ ಯಾವ ಹುಡುಗಿಗಾದರೂ ಟಿಕೆಟ್ಟಿಗೆ ಕಡಿಮೆ ಬಿದ್ದರೆ, ಮೊದಲು ನನಗೆ ಫೋನ್ ಮಾಡಿಸಿ.

ಮುಂದಿನ ರಜೆಗೆ ಇನ್ನೊಂದು ಕಥೆ.