ಗಣಿತಸಾರಸಂಗ್ರಹದ ಒಂದು ಸಂಖ್ಯಾಹಾರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯು (ಕ್ರಿ.ಶ. 814–878) ‘ಕವಿರಾಜಮಾರ್ಗ’ದಿಂದ ಕನ್ನಡಿಗರಿಗೆ ಸುಪರಿಚಿತವಾಗಿದೆ. ಅದೇ ಕಾಲದಲ್ಲಿ, ಸುಮಾರು 850ರ ವೇಳೆಗೆ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆದಿಯಲ್ಲಿ ಆ ದೊರೆಯನ್ನು ಸ್ತುತಿಸಿದನೆಂಬುದು ಸಾಹಿತ್ಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ಅಲಂಕಾರಶಾಸ್ತ್ರಕ್ಕೆ ದೊರೆತ ಮನ್ನಣೆ ಲೆಕ್ಕಕ್ಕೆ ದೊರೆಯದಿರುವುದು ನಮ್ಮ ಸಾಹಿತ್ಯಚರಿತ್ರೆಗಳ ಒಂದು ಕೊರತೆಯೇ ಸರಿ.

ಏಕ, ದಶ, ಶತದಿಂದ ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ ಈ ಆಚಾರ್ಯನಿಗೆ ದೊಡ್ಡ ಸಂಖ್ಯೆಗಳಲ್ಲಿ ವಿಶೇಷ ಆಸಕ್ತಿಯಿತ್ತು. ಎರಡು ತುದಿಗಳಿಂದಲೂ ಒಂದೇ ತೆರನಾಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಆತನು ಕಂಠಾಭರಣಕ್ಕೆ ಹೋಲಿಸುತ್ತಾನೆ. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ 12345654321 ಎಂಬುದು ಅಂತಹ ಸಂಖ್ಯೆ: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ.

ಇದನ್ನು ಕೇವಲ ವಿನೋದವೆನ್ನುವವರು ಅದರ ಒಳಗನ್ನು ನೋಡಬೇಕು. ಈ ಸಂಖ್ಯೆಯು 111111ರ ವರ್ಗ. ಆರು ಒಂದುಗಳನ್ನು ಅವುಗಳಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಅವುಗಳ ಮೊತ್ತ ಯಾವ ಸ್ಥಾನದಲ್ಲಿಯೂ ಆರನ್ನು ಮೀರದುದರಿಂದ ಪಕ್ಕಕ್ಕೆ ದಶಕವನ್ನು ಒಯ್ಯುವ ಪ್ರಸಂಗವೇ ಇಲ್ಲ. ಒಂಬತ್ತು ಒಂದುಗಳವರೆಗೂ ಈ ಅಂದ ಕೆಡುವುದಿಲ್ಲ. ಹತ್ತನೆಯದನ್ನು ಸೇರಿಸಿದೊಡನೆ ವರ್ಗವು 1234567900987654321 ಆಗಿ ಹಾರದ ನಡುವೆ ಎಳೆ ತಪ್ಪುತ್ತದೆ.

ಹಾಗಾದರೆ ಒಂಬತ್ತರವರೆಗೆ ಹೋಗಬಹುದಾಗಿದ್ದರೂ ಆರಕ್ಕೇ ನಿಂತದ್ದೇಕೆ? ಗ್ರಂಥದಲ್ಲಿ ಕಾರಣವಿಲ್ಲ, ಆದರೆ ಸಂಖ್ಯೆಯೇ ಸುಳಿವು ಕೊಡುತ್ತದೆ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅವುಗಳಲ್ಲಿ 3 ಮತ್ತು 7ನ್ನು ಬೇರ್ಪಡಿಸಿದರೆ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗವೇ 27994681. ಐದು ಒಂದುಗಳ 11111 ಆದರೋ 41 ಮತ್ತು 271 ಎಂದು ಮಾತ್ರ ಒಡೆಯುತ್ತದೆ. ಏಳು ಒಂದುಗಳದು 239 ಮತ್ತು 4649. ಇವುಗಳ ವರ್ಗಗಳಿಂದ ಇಷ್ಟು ಸಣ್ಣ ವರ್ಗಸಂಖ್ಯೆಯನ್ನು ಗುಣಕವಾಗಿ ತೆಗೆಯಲು ಬಾರದು. ಆದುದರಿಂದ ಆಚಾರ್ಯನ ಆಯ್ಕೆ ಆಕಸ್ಮಿಕವೆನ್ನಲಾಗದು. ಓಲೆಯ ಕಾಲದ ಶಿಷ್ಯನಿಗೆ ಇದರಿಂದ ಇನ್ನೊಂದು ಉಪಕಾರವೂ ಆಗಿರಬೇಕು: ಉತ್ತರದಲ್ಲಿ ಒಂದಂಕ ತಪ್ಪಿದರೂ ಹಾರವು ವಕ್ರವಾಗಿ, ಗುರುವನ್ನು ಕೇಳದೆಯೇ ತಪ್ಪು ಕಾಣುತ್ತದೆ.

ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರಲ್ಲಿ 152207ನ್ನು 73ರಿಂದ ಗುಣಿಸುವ ಲೆಕ್ಕವೂ ಉಂಟು. ಉತ್ತರವು ಎಂಟು ಒಂದುಗಳ ಸಾಲು. ಇಲ್ಲಿಯೂ 11111111ನ್ನು 11, 73, 101, 137 ಎಂದು ಒಡೆದು, 73ನ್ನು ಮಾತ್ರ ಹೊರಗಿರಿಸಿ ಉಳಿದುದನ್ನು ಕೂಡಿಸಿ ಗುಣಿಸಿದಂತಿದೆ.